ಲಾಗ ಬಾರದ ಪೀಟಿ ಮೇಡಂ

ನಿವೃತ್ತಳಾದ ಪೀಟಿ ಟೀಚರನ್ನು ಜನ ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಮುಖ, ಆಮೇಲೆ ಹೊಟ್ಟೆ, ಆಮೇಲೆ ಮತ್ತೆ ಮುಖ. ಈಚೆಗೆ ಹಿರಿಯೂರಿನ ನಮ್ಮ ಬೀದಿಯ ಹುಡುಗಿಯೊಬ್ಬಳು ದೈಹಿಕ ಶಿಕ್ಷಕಿಯಾಗಿ ಆಯ್ಕೆಯಾಗಿ ಪೇಡೆ ಕೊಡಲು ಬಂದಾಗಲೂ ಹಾಗೆಯೇ ನೋಡಿದಳು. ನಾನು ಬೇಸರಪಡಲಿಲ್ಲ. ಪೇಡೆ ಚೆನ್ನಾಗಿತ್ತು.

"ಮೇಡಂ, ಇಷ್ಟು ವರ್ಷದ ಸರ್ವೀಸಲ್ಲಿ ನಿಮಗೆ ಬಾಳ ಕಷ್ಟ ಆಗಿದ್ದು ಯಾವುದು?" ಎಂದು ಕೇಳಿದಳು. ವರ್ಗಾವಣೆ, ಚುನಾವಣೆ ಕೆಲಸ, ಮೇಲಿನವರ ಕಾಟ ಎಂದೇನಾದರೂ ಹೇಳುತ್ತೇನೆಂದು ಕಾದಿದ್ದಳು.

"ಲಾಗ," ಎಂದೆ.

ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ. ಕುಕ್ಕರಗಾಲಲ್ಲಿ ಕುಳಿತು, ಅಂಗೈ ಊರಿ, ಗದ್ದವನ್ನು ಎದೆಗೊತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಮುಂದಕ್ಕೆ ಉರುಳಿ ಎದ್ದು ನಿಲ್ಲುವುದು. ಪುಸ್ತಕದಲ್ಲಿ ಅದಕ್ಕೆ ಫಾರ್ವರ್ಡ್ ರೋಲ್ ಎನ್ನುತ್ತಾರೆ. ಜಿಮ್ನಾಸ್ಟಿಕ್ಸಿನಲ್ಲಿ ಅದು ಅಆಇಈಯ ಅ. ಅಂಗನವಾಡಿ ಮಕ್ಕಳು ಹಾಸಿಗೆಯ ಮೇಲೆ ತಮ್ಮಷ್ಟಕ್ಕೆ ತಾವೇ ಮಾಡಿಕೊಳ್ಳುತ್ತಾರೆ. ಮಕ್ಕಳಿಗೆ ಅದನ್ನು ಕಲಿಸಲೆಂದೇ ಸಂಬಳ ಪಡೆಯುತ್ತಿದ್ದ ನನಗೆ ಅದು ಬಂದದ್ದು ನಲವತ್ತು ದಾಟಿದ ಮೇಲೆ. ಆ ಹುಡುಗಿಗೆ ಅಂದು ಕಾಫಿ ಆರುವಷ್ಟರಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂಲತಃ ಥ್ರೋಬಾಲ್ ಆಟಗಾರ್ತಿ. ಎತ್ತರವಿದ್ದೆ, ತೋಳಿನಲ್ಲಿ ಬಲವಿತ್ತು. ನನ್ನ ಚೆಂಡು ಎದುರಿನವರ ಕೈಗೆ ಬಿದ್ದರೆ ಅವರು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಆದರೆ ಕಾಲು ನೆಲದ ಮೇಲಿರುವ ತನಕ ಮಾತ್ರ ನನ್ನ ಶೌರ್ಯ. ತಲೆ ಕೆಳಗಾಗುತ್ತದೆ ಎಂದರೆ ಸಾಕು, ಯಾವುದಾದರೂ ನೆಪ ಹುಡುಕುತ್ತಿದ್ದೆ. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಲಾಗ ಹಾಕಬೇಕಾಗಿ ಬಂತು. ಹಳೆಯ ತೆಂಗಿನನಾರಿನ ಮ್ಯಾಟು, ವರ್ಷಗಳ ಧೂಳು. ನಾನು ಕಣ್ಣು ಮುಚ್ಚಿ ಕೈ ಊರಿ ಪಕ್ಕಕ್ಕೆ ಧಡಾರನೆ ಬಿದ್ದೆ. ಎದ್ದ ಧೂಳಿಗೆ ಪರೀಕ್ಷಕರಿಗೆ ಸೀನು ಹಿಡಿಯಿತು. ಅವರು ಸೀನಿ, ಕಣ್ಣೊರೆಸಿ ನೋಡುವಷ್ಟರಲ್ಲಿ ನಾನು ಎದ್ದು ಎರಡು ಕೈಯನ್ನೂ ಮೇಲೆತ್ತಿ ನಿಂತಿದ್ದೆ.

"ಗುಡ್," ಎಂದರು.

ನನ್ನ ಮೊದಲ ಶಾಲೆ ಜವನಗೊಂಡನಹಳ್ಳಿಯ ಕಡೆ. ಮುಖ್ಯೋಪಾಧ್ಯಾಯರು ಶಿವಲಿಂಗಪ್ಪನವರು, ಗಣಿತದ ಮೇಷ್ಟ್ರು. ಸರಳರೇಖೆಯ ಮೇಲೆ ಅವರಿಗೆ ಅಪಾರ ನಂಬಿಕೆ. ಸೇರಿದ ದಿನವೇ ಕರೆದು, "ಕುಂತ್ಕಳ್ರಿ ಮೇಡಂ. ನೋಡ್ರಿ, ಹುಡುಗ್ರು ಸಾಲಾಗಿ ನಿಂತ್ರೆ ಸಾಕು. ಅದೇ ದೊಡ್ಡ ವ್ಯಾಯಾಮ. ಅದ್ರ ಮ್ಯಾಲೆ ಇನ್ನೇನೂ ತ್ರಾಸು ತಗಬ್ಯಾಡ್ರಿ," ಎಂದರು. ಇಂಥ ಮೇಲಧಿಕಾರಿ ಸಿಕ್ಕಿದ್ದು ನನ್ನ ಪುಣ್ಯವೆಂದುಕೊಂಡೆ. ಕೆಲವು ವರ್ಷ ನಾನು ಸೀಟಿ ಊದಿದೆ, ಮಕ್ಕಳು ಸಾಲಾಗಿ ನಿಂತರು, ಅವರು ಕಿಟಕಿಯಿಂದ ಆ ಸಾಲನ್ನು ನೋಡಿ ಆನಂದಪಟ್ಟರು.

ಆಮೇಲೆ ಹೊಸ ಪಠ್ಯ ಬಂತು. ಅದರಲ್ಲಿ ಲಾಗ ಇತ್ತು. ನಾನು ಅದನ್ನು ಕಪ್ಪುಹಲಗೆಯ ಮೇಲೆ ಕಲಿಸಿದೆ. ಐದು ಚಿತ್ರ ಬರೆದು ಬಾಣದ ಗುರುತು ಹಾಕಿದೆ. ಮಕ್ಕಳು ಚಿತ್ರ ನೋಡಿದರು, ನನ್ನನ್ನು ನೋಡಿದರು. ಏಳನೇ ತರಗತಿಯ ಒಬ್ಬಳು ಎದ್ದು, "ಮೇಡಂ, ನೀವೇ ಒಂದ್ಸಲ ಮಾಡಿ ತೋರ್ಸ್ರಿ. ಈ ಮೂರನೇ ಚಿತ್ರದಾಗೆ ಕಾಲು ಯಾವ್ದು, ಕೈ ಯಾವ್ದು ಗೊತ್ತಾಗವಲ್ದು," ಎಂದಳು.

ಕೇಳಿದವಳು ಮರ್ಯಾದೆಯಿಂದಲೇ ಕೇಳಿದ್ದಳು. ನನಗೆ ಆ ವಯಸ್ಸಿನ ಒಣಜಂಬ. ಸೀರೆಯ ನೆರಿಗೆಗೆ ಪಿನ್ನು ಚುಚ್ಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೈದಾನದಲ್ಲಿ ಹಾಸಿದ್ದ ಜಮಖಾನದ ಮುಂದೆ ಕುಳಿತೆ. ಅಲ್ಲಿಯತನಕ ಸರಿಯಿತ್ತು. ಮುಂದಕ್ಕೆ ಹೊರಳಿದವಳು ಮುಂದಕ್ಕೆ ಹೋಗಲಿಲ್ಲ. ಬಲಕ್ಕೆ ಹೋದೆ. ಬಲಗಡೆ ಖೋಖೋ ಅಂಕಣಕ್ಕೆ ಗೆರೆ ಎಳೆಯಲು ತಂದಿಟ್ಟ ಸುಣ್ಣದ ಪುಡಿಯ ಬಕೆಟ್ಟಿತ್ತು. ನಾನು ಎದ್ದು ಕುಳಿತಾಗ ಮಕ್ಕಳು ಒಂದೇ ಸಾಲಿನಲ್ಲಿ, ಶಿವಲಿಂಗಪ್ಪನವರೂ ಮೆಚ್ಚುವಂಥ ಸಾಲಿನಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದರು. ನನ್ನ ರೆಪ್ಪೆಯ ಮೇಲೂ ಸುಣ್ಣ.

ಶಿವಲಿಂಗಪ್ಪನವರು ವರಾಂಡದಿಂದ ಇಳಿದು ಬಂದರು. ನಗಲಿಲ್ಲ. "ಮೇಡಂ, ಪೆಟ್ಟಾಯ್ತಾ?" ಎಂದರು. ಇಲ್ಲವೆಂದೆ. "ಹಂಗಾರೆ ಮುಖ ತೊಳಕಳ್ರಿ. ಎಲ್ಲಾ ಸುಣ್ಣ ನೀವೇ ಬಳಕಂಡ್ರೆ ಹುಡುಗ್ರ ಅಂಕಣಕ್ಕೇನು ಉಳೀತು?" ಎಂದು ಹೇಳಿ ಹೋದರು. ಅವತ್ತಿನಿಂದ ಆ ಊರಲ್ಲಿ ನನಗೆ ಸುಣ್ಣದ ಮೇಡಂ ಎಂಬ ಹೆಸರು ಬಿತ್ತು. ಬಸ್ ಕಂಡಕ್ಟರನೂ ಹಾಗೆಯೇ ಕರೆಯುತ್ತಿದ್ದ.

ಅಲ್ಲಿಂದ ಹೊಸದುರ್ಗಕ್ಕೆ ಹೋದೆ. ಅಲ್ಲಿ ಗಾಳಿ ಹೆಚ್ಚು. ಗುಡ್ಡದ ಮೇಲೆ ಗಾಳಿಯಂತ್ರಗಳು ದಿನವಿಡೀ ಆರಾಮವಾಗಿ ಸುತ್ತು ಹಾಕುತ್ತಿದ್ದವು. ಕೆಳಗೆ ಮೈದಾನದಲ್ಲಿ ಒಂದು ಸುತ್ತು ಉರುಳಲಾಗದ ನಾನು ಅವುಗಳ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಆ ಶಾಲೆಯಲ್ಲಿ ಗಂಡುಮಕ್ಕಳ ಪೀಟಿ ಮೇಷ್ಟ್ರು ತಿಪ್ಪೇಸ್ವಾಮಿ. ನನಗಿಂತ ಹಿರಿಯ, ನನಗಿಂತ ದಪ್ಪ, ಯಾವುದಕ್ಕೂ ತಲೆಕೆಡಿಸಿಕೊಳ್ಳದ ಮನುಷ್ಯ. ಗೋಣಿಚೀಲಕ್ಕೆ ರಾಗಿಹುಲ್ಲು ತುಂಬಿ, ಹೊಲಿದು, ಅದರ ಮೇಲೆ ಹುಡುಗರನ್ನು ಉರುಳಿಸುತ್ತಿದ್ದ. ತಾನೂ ಉರುಳುತ್ತಿದ್ದ. ಹುಲ್ಲು ಮೈಗೆ ಚುಚ್ಚಿ ದಿನವೆಲ್ಲ ಕೆರೆದುಕೊಳ್ಳುತ್ತಿದ್ದ. "ಮೇಡಂ, ಅಂಜಿಕೆ ಅನ್ನೋದು ತಲ್ಯಾಗೆ ಐತೆ. ಅದನ್ನ ಕೆಳಗೆ ಮಾಡಿದ್ರೆ ಸುರಿದೋಗ್ತದೆ," ಎನ್ನುತ್ತಿದ್ದ. ಕೇಳಲು ಚೆನ್ನಾಗಿತ್ತು. ಆದರೆ ಅವನ ಮಾತು ನಂಬಿ ಅವನ ಚೀಲದ ಮೇಲೆ ಉರುಳುವಷ್ಟು ಚೆನ್ನಾಗಿರಲಿಲ್ಲ.

ನಮ್ಮಿಬ್ಬರನ್ನೂ ಒಟ್ಟಿಗೆ ಚಿತ್ರದುರ್ಗಕ್ಕೆ ತರಬೇತಿ ಶಿಬಿರಕ್ಕೆ ಕಳಿಸಿದರು. ಕೋಟೆಯ ಬಂಡೆಗಳು ಕಾಣುವ ಮೈದಾನ, ಒಳಗೆ ದೊಡ್ಡ ಸಭಾಂಗಣ. ನಮಗೆ ಕಲಿಸಲು ಬಂದವಳು ನಾಜಿಯಾ, ನನ್ನ ಮಗಳ ವಯಸ್ಸಿನ ಜಿಮ್ನಾಸ್ಟಿಕ್ಸ್ ತರಬೇತುದಾರಳು. ಮೊದಲ ದಿನವೇ, "ಎಲ್ಲರೂ ಒಂದೊಂದು ರೋಲ್ ಮಾಡಿ, ನೋಡ್ತೀನಿ," ಎಂದಳು. ಸಾಲಿನ ಕೊನೆಗೆ ಸರಿದೆ. ನನ್ನ ಹಿಂದೆ ಇನ್ನೂ ಮೂವರು ಸರಿದರು. ಆಗಲೇ ನನಗೆ ಮೊದಲ ಬಾರಿಗೆ ಗೊತ್ತಾದದ್ದು, ಜಿಲ್ಲೆಯಲ್ಲಿ ನಾನೊಬ್ಬಳೇ ಅಲ್ಲ ಎಂದು.

ನನ್ನ ಸರದಿ ಬಂದಾಗ ನಡುನೆತ್ತಿಯನ್ನೇ ಮ್ಯಾಟಿಗೆ ಊರಿದೆ. ಮೈಯ ಭಾರವೆಲ್ಲ ಕುತ್ತಿಗೆಯ ಮೇಲೆ ಬಂತು. ಕಟಕ್ ಎಂದಿತು. ನಾಜಿಯಾ ಸೊಂಟ ಹಿಡಿದು ಪಕ್ಕಕ್ಕೆ ಇಳಿಸದಿದ್ದರೆ ಏನಾಗುತ್ತಿತ್ತೋ. ಮಲಗಿದ್ದ ನನ್ನ ಪಕ್ಕ ಕುಳಿತು, "ಮೇಡಂ, ತಲೆ ಮೇಲೆ ಉರುಳಬೇಕು ಅಂತ ನಿಮಗೆ ಯಾರು ಹೇಳಿದ್ದು?" ಎಂದಳು.

"ಎಲ್ಲರೂ ಹಂಗೇ ಅಲ್ವಾ?"

"ತಲೆ ನೆಲಕ್ಕೆ ತಾಗಲೇಬಾರದು. ಕೈ ಭಾರ ಹೊರಬೇಕು, ಆಮೇಲೆ ಹೆಗಲಿನ ಹಿಂದೆ, ಆಮೇಲೆ ಬೆನ್ನು. ತಲೆ ಸುಮ್ಮನೆ ಒಳಗೆ ಮುದುರಿಕೊಂಡು ಬರುತ್ತೆ ಅಷ್ಟೇ."

ಅಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದ ಮೂರನೇ ಚಿತ್ರದಲ್ಲಿ ತಲೆ ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು ನಾನು ಇಷ್ಟಪಡಲಿಲ್ಲ.

ಕುತ್ತಿಗೆ ನೋವಿಗೆ ಮುಲಾಮು ಹಚ್ಚಿಕೊಂಡು ಹಿರಿಯೂರಿನ ಬಸ್ಸು ಹತ್ತಿ ಮನೆಗೆ ಬಂದರೆ, ಕೊಬ್ಬರಿ ವ್ಯಾಪಾರದ ನನ್ನ ಯಜಮಾನರು, "ಈ ವಯಸ್ಸಿಗೆ ಲಾಗ ಹಾಕಿ ಯಾವ ಸರ್ಕಸ್ಸಿಗೆ ಸೇರ್ಬೇಕು ಅಂತ ಮಾಡಿದೀಯ?" ಎಂದರು. ಸಿಟ್ಟು ಬಂತು. ತಿರುಗಿ ನೋಡೋಣವೆಂದರೆ ಕುತ್ತಿಗೆ ತಿರುಗಲಿಲ್ಲ. ಇಡೀ ಮೈ ತಿರುಗಿಸಿ ಸಿಟ್ಟು ಮಾಡಿದೆ. ಅವರು ನಕ್ಕುಬಿಟ್ಟರು. ಆ ನಗುವಿಗೆ ಉತ್ತರ ಕೊಡಲೆಂದೇ ಮಾರನೆಯ ದಿನ ಮತ್ತೆ ಶಿಬಿರಕ್ಕೆ ಹೋದೆ.

ನಾಜಿಯಾ ನನ್ನನ್ನು ಉರುಳಿಸಲು ಆತುರಪಡಲಿಲ್ಲ. ಮೊದಲು ಬೆನ್ನ ಮೇಲೆ ಮಲಗಿ ಮೊಣಕಾಲು ತಬ್ಬಿ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವುದು. ನಾನು ತೂಗಿದರೆ ಮ್ಯಾಟೂ ನನ್ನ ಜೊತೆ ಬರುತ್ತಿತ್ತು. ಆಮೇಲೆ ಗದ್ದಕ್ಕೂ ಎದೆಗೂ ನಡುವೆ ಒಂದು ಕರವಸ್ತ್ರ ಸಿಕ್ಕಿಸಿ, "ಇದು ಬೀಳಬಾರದು," ಎಂದಳು. ನಾನು ಅದನ್ನು ಕಚ್ಚಿ ಹಿಡಿದೆ. "ಮೇಡಂ, ಬಾಯಲ್ಲಲ್ಲ!" ಎಂದು ಅವಳು ಕೂಗಿದಾಗ ತಿಪ್ಪೇಸ್ವಾಮಿ ನಕ್ಕು ನಕ್ಕು ಮ್ಯಾಟಿನ ಆಚೆ ಹೋಗಿಬಿದ್ದ. ಆಮೇಲೆ ಒಂದು ಹಲಗೆಯನ್ನು ಓರೆಯಾಗಿಟ್ಟು ಮೇಲೆ ಹಾಸಿಗೆ ಹಾಸಿದಳು. ಇಳಿಜಾರಲ್ಲಿ ನೆಲವೇ ಅರ್ಧ ಕೆಲಸ ಮಾಡುತ್ತದೆ ಎಂದಳು.

ಇಳಿಜಾರಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಥ್ರೋಬಾಲ್ ತಂಡಕ್ಕಾಗಿ ಕೈ ಮುರಿದುಕೊಂಡವಳು, ಹೆರಿಗೆ ನೋವು ಕಂಡವಳು, ಅಲ್ಲಿ ಒಂದು ಹಾಸಿಗೆಗೆ ಅಂಜಿ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ನಾಜಿಯಾ ಕತ್ತಿನ ಹಿಂದೆ ಅಂಗೈ ಇಟ್ಟಳು. ತಳ್ಳಲಿಲ್ಲ. "ಹೊಕ್ಕುಳ ನೋಡಿ ಮೇಡಂ. ಬೇರೇನೂ ನೋಡಬೇಡಿ," ಎಂದಳು. ಹೊಕ್ಕುಳ ಕಾಣುವುದು ಬಿಟ್ಟು ಬಹಳ ಕಾಲವಾಗಿತ್ತು. ಅದನ್ನು ಹುಡುಕುವ ಪ್ರಯತ್ನದಲ್ಲಿ ಗದ್ದ ತಾನಾಗಿ ಎದೆಗೆ ಒತ್ತಿತು. ಸೊಂಟ ಎದ್ದಿತು. ಹೆಗಲ ಹಿಂಭಾಗಕ್ಕೆ ಹಾಸಿಗೆ ತಾಗಿತು, ಚಾವಣಿ ಸರ್ರನೆ ಕಾಲ ಕಡೆಗೆ ಓಡಿತು, ನಾನು ಕುಳಿತಿದ್ದೆ. ಎದ್ದು ನಿಂತಿರಲಿಲ್ಲ, ಕುಳಿತಿದ್ದೆ. ಆದರೆ ಹೋಗಬೇಕಾದ ಕಡೆಗೇ ಮುಖ ಮಾಡಿ ಕುಳಿತಿದ್ದೆ.

ಅದರಿಂದ ನನ್ನ ಕಲಿಸುವ ವಿಧಾನ ಪೂರ್ತಿ ಬದಲಾಯಿತು. ಮುಂಚೆ, ಬಲ್ಲವರೊಬ್ಬರನ್ನು ಮುಂದೆ ನಿಲ್ಲಿಸಿ "ಇವಳ ತರ ಮಾಡ್ರಿ" ಎಂದು ಸೀಟಿ ಊದುತ್ತಿದ್ದೆ. ಈಗ ಸಾಲಿನ ಕೊನೆಗೆ ಸರಿಯುವವರನ್ನು ಮೊದಲು ಹುಡುಕತೊಡಗಿದೆ. ಅವರು ಸರಿಯುವ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಬೂಟಿನ ದಾರ ಕಟ್ಟುವುದು, ನೀರು ಕುಡಿಯಲು ಹೋಗುವುದು, ಎಲ್ಲವನ್ನೂ ನಾನೇ ಮಾಡಿದ್ದೆ.

ನನ್ನ ಕೊನೆಯ ಶಾಲೆ ಹೊಳಲ್ಕೆರೆ. ಅಷ್ಟರಲ್ಲಿ ಮಕ್ಕಳಿಗೆ ನನಗಿಂತ ಚುರುಕಿನ ಗುರು ಸಿಕ್ಕಿದ್ದ. ಮೊಬೈಲು. ಅದರಲ್ಲಿ ಯಾರೋ ಗಾಳಿಯಲ್ಲಿ ತಿರುಗಿ ನಿಲ್ಲುತ್ತಾರೆ, ಹಿಂದೆ ಹಾಡು ಬರುತ್ತದೆ. ಎಂಟನೇ ತರಗತಿಯ ಚೈತ್ರಾ ಎಂಬ ಉದ್ದನೆಯ, ಚೂಟಿ ಹುಡುಗಿ ಅದನ್ನು ನೋಡಿಕೊಂಡು ಮನೆಯ ಬರೀ ನೆಲದ ಮೇಲೆ ಲಾಗ ಹಾಕಿದಳು. ಮಾರನೆಯ ಬೆಳಗ್ಗೆ ಪ್ರಾರ್ಥನೆಯಲ್ಲಿ ಎಲ್ಲರೂ ಧ್ವಜದ ಕಡೆ ನೋಡುತ್ತಿದ್ದರೆ ಅವಳ ಮುಖ ಮಾತ್ರ ಬಿಸಿಯೂಟದ ಅಡುಗೆಮನೆಯ ಕಡೆ ತಿರುಗಿತ್ತು. ಶಿಸ್ತಿಲ್ಲವೆಂದು ಬೈಯಲು ಹೋದವಳು ಹತ್ತಿರ ಹೋಗಿ ನೋಡಿದರೆ, ಹುಡುಗಿಯ ಕಣ್ಣಿಂದ ನೀರು ಸುರಿಯುತ್ತಿತ್ತು.

ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿತ್ರದುರ್ಗದಲ್ಲಿ ಎಕ್ಸ್‌ರೇ ತೆಗೆಸಿ ಎಂದರು. ಅವಳ ತಾಯಿ ಹನುಮಕ್ಕ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ಸುದ್ದಿ ತಿಳಿದು ಹಾಗೆಯೇ ಓಡಿ ಬಂದಿದ್ದಳು. ತಲೆಗೂದಲಲ್ಲಿ ಭತ್ತದ ಹೊಟ್ಟು, ಮುಖದ ಮೇಲೆ ಭಟ್ಟಿಯ ಮಸಿ. ದಾರಿಯುದ್ದಕ್ಕೂ ಮಗಳ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕುಳಿತಿದ್ದಳು. ಎಕ್ಸ್‌ರೇ ಕೋಣೆಯ ಹೊರಗೆ ನಿಂತಾಗ ಬಾಯಿ ಬಿಟ್ಟಳು.

"ನಮ್ ಭಟ್ಟೀಲಿ ನಿಂಗಪ್ಪ ಅಂತ ಇದ್ದ ಮೇಡಂ. ಲಾರಿ ಮ್ಯಾಲಿಂದ ಮೂಟೆ ಸಮೇತ ಬಿದ್ದ. ಕುತ್ತಿಗೆ ಹೋತು. ಈಗ ಅವನ ಹೆಂಡ್ತಿ ಅವನಿಗೆ ಚಮಚದಾಗೆ ಗಂಜಿ ಹಾಕ್ತಾಳೆ. ನನ್ ಮಗಳಿಗೆ ಹಂಗೇನಾರ ಆದ್ರೆ ನಾನು ದುಡಿಯೋಕೆ ಹೋಗ್ಲಾ, ಗಂಜಿ ಹಾಕ್ಕೊಂಡು ಕುಂತ್ಕಳ್ಲಾ?"

ಇದನ್ನು ನಾನು ಕಲಿಸಿದ್ದಲ್ಲ, ಮೊಬೈಲಿನದು ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯವರೆಗೂ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಮೂಳೆಗೆ ಏನೂ ಆಗಿರಲಿಲ್ಲ, ಸ್ನಾಯು ಹಿಡಿದಿತ್ತು. ಡಾಕ್ಟರು ಹಾಗೆಂದಾಗ ಹನುಮಕ್ಕ ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಎದ್ದು ನಿಲ್ಲುವಾಗ ಅವಳೇ ನನ್ನ ಕೈ ಹಿಡಿದು ಎಬ್ಬಿಸಬೇಕಾಯಿತು, ಅದು ಬೇರೆ ಮಾತು.

ಮರುದಿನವೇ ನಮ್ಮ ಮುಖ್ಯೋಪಾಧ್ಯಾಯಿನಿ ಮ್ಯಾಟುಗಳನ್ನು ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದರು. ಸುದ್ದಿ ಊರಲ್ಲಿ ಹಬ್ಬಿ, ತಾಯಂದಿರು ಹೆಣ್ಣುಮಕ್ಕಳನ್ನು ಖೋಖೋಗೂ ಬಿಡಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಹುಡುಗಿಯರೆಲ್ಲ ಹೊಂಗೆ ಮರದ ಕೆಳಗೆ ಪುಸ್ತಕ ಹಿಡಿದು ಕುಳಿತರು. ಚೈತ್ರಾಳ ಕುತ್ತಿಗೆಗೆ ಡಾಕ್ಟರು ಹಾಕಿದ್ದ ಪಟ್ಟಿ ಕೆಲವು ವಾರದಲ್ಲಿ ಹೋಯಿತು. ಆದರೆ ಅವಳು ಪಟ್ಟಿ ಇದ್ದವಳಂತೆಯೇ ನಡೆಯುತ್ತಿದ್ದಳು. ನಲ್ಲಿಗೆ ಬಾಗಿ ನೀರು ಕುಡಿಯುತ್ತಿರಲಿಲ್ಲ. ಗೆಳತಿ ಲೋಟದಲ್ಲಿ ತಂದುಕೊಡಬೇಕಿತ್ತು. ಹದಿಮೂರು ವರ್ಷದ ಹುಡುಗಿ ಹೀಗೆ ಮರದ ಬೊಂಬೆಯಾಗುವುದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ.

"ಪೋಷಕರ ಸಭೆ ಕರೀರಿ ಮೇಡಂ. ನಾನೇ ಎಲ್ಲರ ಮುಂದೆ ಮಾಡಿ ತೋರಿಸ್ತೀನಿ," ಎಂದೆ. ಮುಖ್ಯೋಪಾಧ್ಯಾಯಿನಿಯವರು ನನ್ನ ಮುಖ, ಹೊಟ್ಟೆ, ಮುಖ ನೋಡಿದರು. "ನಿಮಗೇನಾದ್ರೂ ಆದ್ರೆ ನಿಮ್ಮ ಪಿಂಚಣಿ ಕಾಗದಕ್ಕೆ ನಾನು ಓಡಾಡಬೇಕಾಗ್ತದೆ," ಎಂದರು. ಆದರೂ ಕರೆದರು.

ಸಭೆಯ ದಿನ ಸಭಾಂಗಣ ತುಂಬಿತ್ತು. ಪೀಟಿ ಮೇಡಂ ಲಾಗ ಹಾಕುತ್ತಾರೆಂದರೆ ಯಾರು ತಾನೆ ಬರುವುದಿಲ್ಲ? ನಾನು ಒಂದೊಂದೇ ಹಂತವನ್ನು ಬಾಯಲ್ಲಿ ಹೇಳುತ್ತ ಮಾಡಿದೆ. ಕೈ ಇಲ್ಲಿ. ಗದ್ದ ಎದೆಗೆ. ತಲೆ ತಾಗಬಾರದು. ಆಮೇಲೆ ಉರುಳಿದೆ. ಉರುಳಿದ್ದು ಸರಿಯಾಗಿಯೇ ಇತ್ತು. ಸ್ವಲ್ಪ ಸೊಟ್ಟಗಾಗಿ, ಮುಗಿಯುವ ಹೊತ್ತಿಗೆ ಪೋಷಕರಿಗೆ ಬೆನ್ನು ಮಾಡಿ ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದೆ. ಯಾರೋ ಕಿಸಕ್ಕೆಂದರು. ಆಮೇಲೆ ಸಭಾಂಗಣವೆಲ್ಲ ನಕ್ಕಿತು.

ನಗದೇ ಇದ್ದವಳು ಹನುಮಕ್ಕ ಒಬ್ಬಳೇ. ಎದ್ದು ಹತ್ತಿರ ಬಂದು, "ಕುತ್ತಿಗೆ ತಿರುಗ್ಸ್ರಿ ನೋಡಾನ," ಎಂದಳು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ತನ್ನ ಕೈಯಿಂದಲೇ ನನ್ನ ಕುತ್ತಿಗೆಯ ಹಿಂಭಾಗ ಒತ್ತಿ ನೋಡಿದಳು. ಆಮೇಲೆ ಉಳಿದ ತಾಯಂದಿರ ಕಡೆ ತಿರುಗಿ, "ಇಷ್ಟು ದೊಡ್ಡ ಮೈ ಹಿಂಗೆ ಉರುಳಿದ್ರೂ ಏನೂ ಆಗಿಲ್ಲ ಕಣ್ರೇ," ಎಂದಳು. ನನ್ನ ವೃತ್ತಿಜೀವನದಲ್ಲಿ ಸಿಕ್ಕ ಅತಿ ದೊಡ್ಡ ಪ್ರಶಸ್ತಿಪತ್ರ ಅದೇ. ಆದರೆ ಒಂದು ಷರತ್ತು ಹಾಕಿದಳು. "ನನ್ ಮಗಳಿಗೆ ಕಲ್ಸೋದಾದ್ರೆ ನನ್ ಕಣ್ಮುಂದೆ ಕಲ್ಸ್ರಿ."

ಹಾಗಾಗಿ ಭಟ್ಟಿಯ ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ ಅವಳು ಶಾಲೆಗೆ ಬಂದು ಗೋಡೆಗೊರಗಿ ಕೂರತೊಡಗಿದಳು. ಚೈತ್ರಾ ಮೊದಲು ಮ್ಯಾಟಿನ ಮೇಲೆ ಬರೀ ಕುಳಿತಳು. ಕೆಲವು ದಿನ ಅಷ್ಟೇ. ಆಮೇಲೆ ಮಲಗಿದಳು, ಮೊಣಕಾಲು ತಬ್ಬಿ ತೂಗಿದಳು. ನಾನು ಅವಸರ ಮಾಡಲಿಲ್ಲ. ಒಂದು ದಿನ, ನಾನು ಹಲಗೆ ಓರೆಯಾಗಿಟ್ಟು ಮಾಡಿದ ಇಳಿಜಾರಿನ ತುದಿಯಲ್ಲಿ ಕುಳಿತಳು. ಅವಳ ಕತ್ತಿನ ಹಿಂದೆ ಕೈ ಇಟ್ಟೆ. ನಾನು ಬಾಯಿ ತೆರೆಯುವ ಮುಂಚೆ ಗೋಡೆಯ ಕಡೆಯಿಂದ ಕೂಗು ಬಂತು. "ಲೇ ಚೈತ್ರಾ, ಗದ್ದ ಎದಿಗೆ ಇಟ್ಕಳೇ! ತಲೆ ತಾಗಬಾರ್ದು!"

ಹುಡುಗಿ ಉರುಳಿದಳು. ನೇರವಾಗಿ ಉರುಳಿ, ಕೈ ಊರದೆ ಎದ್ದು ನಿಂತಳು. ನಾನು ನನ್ನ ಇಡೀ ಸರ್ವೀಸಿನಲ್ಲಿ ಒಮ್ಮೆಯೂ ಹಾಗೆ ಎದ್ದು ನಿಂತಿದ್ದಿಲ್ಲ. ತಾಯಿಯ ಕಡೆ ನೋಡಿ, ಗೆಳತಿಯರ ಜೊತೆ ನಲ್ಲಿಯ ಕಡೆ ಓಡಿ, ಬಾಗಿ, ಬೊಗಸೆಯಲ್ಲಿ ನೀರು ಕುಡಿದಳು.

ಮಕ್ಕಳೆಲ್ಲ ಹೊರಗೆ ಹೋದರು. ನಾನು ಮ್ಯಾಟು ಸುತ್ತಲು ಬಗ್ಗಿದೆ. ಹನುಮಕ್ಕ ಬಾಗಿಲ ತನಕ ಹೋದವಳು ನಿಂತು ಹೊರಗೆ ನೋಡಿ, ಬಾಗಿಲು ಮುಂದಕ್ಕೆಳೆದು ವಾಪಸ್ಸು ಬಂದಳು.

"ಮೇಡಂ, ಇರ್ಲಿ ಬಿಡ್ರಿ, ಸುತ್ತಬ್ಯಾಡ್ರಿ. ನಾನೂ ಒಂದ್ಸಲ ಹಾಕ್ಲಾ? ಯಾರಿಗೂ ಹೇಳ್ಬಾರ್ದು."

ಸೀರೆಯನ್ನು ಎತ್ತಿ ಕಚ್ಚೆ ಹಾಕಿ ಬಿಗಿದಳು. ನಾನು ಪಕ್ಕದಲ್ಲಿ ಮಂಡಿಯೂರಿ ಅವಳ ಸೊಂಟಕ್ಕೂ ಕತ್ತಿಗೂ ಕೈ ಕೊಟ್ಟೆ. ವರ್ಷಗಟ್ಟಲೆ ಭತ್ತದ ಮೂಟೆ ಹೊತ್ತ ಕುತ್ತಿಗೆ, ಕೈಗೆ ಕಲ್ಲಿನಂತೆ ಸಿಕ್ಕಿತು. ಇಳಿಜಾರಲ್ಲಿ ಒಂದೇ ಉರುಳು. ಬಳೆಗಳು ಝಲ್ಲೆಂದವು. ಎದ್ದು ಕೂರಲಾಗದೆ ಕೆಳಗಿನ ಮ್ಯಾಟಿನ ಮೇಲೆ ಅಂಗಾತ ಬಿದ್ದು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಹೊಟ್ಟೆ ಕುಲುಕುವಂತೆ ನಕ್ಕಳು.

ಎಬ್ಬಿಸಲು ಕೈ ಚಾಚಿದೆ. ಹಿಡಿಯಲಿಲ್ಲ. ಕೈಕಾಲು ಚೆಲ್ಲಿ ಸೂರು ನೋಡುತ್ತಿದ್ದಳು.

"ಮೆತ್ತಗೈತೆ ಮೇಡಂ," ಎಂದಳು. "ಒಂಚೂರು ಹೊತ್ತು ಹಿಂಗೇ ಮಲ್ಕಂಡಿರ್ತೀನಿ."

ನಾನು ಬಾಗಿಲಿಗೆ ಚಿಲಕ ಹಾಕಿ ಬಂದು, ಅವಳ ಪಕ್ಕದ ಮ್ಯಾಟಿನ ಮೇಲೆ ಮಲಗಿದೆ.